‘ಅಂವ ನಮ್ಮ ಹಂಗ ಮಾತಾಡ್ತಾನ’: ರೀಲ್ಸ್‌ನ ಕನ್ನಡ, ಗಡಿ ಊರಿನ ಮಕ್ಕಳು ಮತ್ತು ಇನ್‌ಫ್ಲುಯೆನ್ಸರ್‌ನ ಹೊಣೆ

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಚರ್ಚೆಯಲ್ಲಿ ಬಂದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ನಾನು ಸೋಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ಕರಜಗಿಯಿಂದ ಮಾತಾಡ್ತಿದ್ದೇನೆ. ನಡುವೆ ನೆಟ್‌ವರ್ಕ್ ಹೋದರೆ ಕ್ಷಮೆ ಇರಲಿ.

ಇನ್‌ಫ್ಲುಯೆನ್ಸರ್‌ಗಳಿಗೆ ಮಕ್ಕಳ ವಿಷಯದಲ್ಲಿ ಹೊಣೆಗಾರಿಕೆ ಕಲಿಸುವುದು ಹೇಗೆ ಅನ್ನುವುದು ನನ್ನ ವಿಷಯ. ಇದು ಕಾನೂನು ವಿಭಾಗದವರ, ಪತ್ರಿಕೋದ್ಯಮದವರ ವಿಷಯ, ಕನ್ನಡ ಎಂ.ಎ. ಓದುವವರಿಗೆ ಇಲ್ಲೇನು ಕೆಲಸ ಅಂತ ಮೊದಲು ನನಗೂ ಅನಿಸಿತ್ತು. ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಆ ಅಭಿಪ್ರಾಯ ಬದಲಾಯಿತು.

ನನ್ನ ಸೋದರಮಾವನ ಮಗ ಒಂಬತ್ತನೇ ತರಗತಿಯಲ್ಲಿದ್ದಾಗ, ತೊಗರಿ ಮಾರಿ ಬಂದಿದ್ದ ದುಡ್ಡಿನಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಒಂದು ಆನ್‌ಲೈನ್ ಆಟಕ್ಕೆ ಹಾಕಿ ಕಳೆದ. ಫೋನು ಮಾಮಾನದು, ಖಾತೆಯೂ ಮಾಮಾನದು. ಒಬ್ಬ ಕನ್ನಡದ ರೀಲ್ಸ್ ಹುಡುಗ ಕೊಟ್ಟ ಲಿಂಕ್ ಒತ್ತಿ ಒಳಗೆ ಹೋಗಿದ್ದ. ಮನೆಯಲ್ಲಿ ಬೈಗುಳ ಎಲ್ಲ ಮುಗಿದ ಮೇಲೆ ನಾನು ಕೇಳಿದೆ: “ಟಿವಿಯೊಳಗ ದೊಡ್ಡ ದೊಡ್ಡ ನಟರು ಹೇಳಿದ್ರೂ ನೀ ನಂಬೂದಿಲ್ಲ, ಇವನ್ನ ಯಾಕ ನಂಬಿದಿ?” ಅವನು ತಲೆ ತಗ್ಗಿಸಿಕೊಂಡೇ ಹೇಳಿದ: “ಅಂವ ನಮ್ಮ ಹಂಗ ಮಾತಾಡ್ತಾನ.”

ಈ ಪ್ರಬಂಧ ಆ ಒಂದು ವಾಕ್ಯದ ಮೇಲೆ ನಿಂತಿದೆ. ಹುಡುಗ ನಂಬಿದ್ದು ಆ ಆಟವನ್ನಲ್ಲ, ಆ ಕನ್ನಡವನ್ನು. ಹಾಗಿದ್ದರೆ ಇನ್‌ಫ್ಲುಯೆನ್ಸರ್‌ಗೆ ಕಲಿಸಬೇಕಾದ ಪಾಠವೂ ಭಾಷೆಯ ಬಳಕೆಯ ಪಾಠವೇ ಆಗಬೇಕು. ಈಗಿರುವ ನಿಯಮಗಳು ಅಲ್ಲಿಯವರೆಗೆ ಹೋಗುವುದಿಲ್ಲ ಎಂಬುದು ನನ್ನ ವಾದ.

1. ನಂಬಿಕೆ ಹುಟ್ಟುವ ಜಾಗ

ನಮ್ಮ ಭಾಗದ ಮಕ್ಕಳ ಭಾಷಾ ಪರಿಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. 1967ರ ಮಹಾಜನ ಆಯೋಗದ ವರದಿ ಈ ಭಾಗವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು, ಅದು ಜಾರಿಯಾಗಲಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಆದರೆ ಬಸ್ಸಿನ ಬೋರ್ಡು, ತಹಶೀಲ್ದಾರ ಕಚೇರಿಯ ಅರ್ಜಿ, ಬ್ಯಾಂಕಿನ ಚೀಟಿ ಎಲ್ಲಾ ಮರಾಠಿ. ಪುಸ್ತಕದಲ್ಲಿರುವುದು ಗ್ರಂಥಸ್ಥ ಕನ್ನಡ. ಸಿನಿಮಾದಲ್ಲಿ ಬರುವುದು ಬೆಂಗಳೂರು, ಮೈಸೂರು ಕಡೆಯ ಕನ್ನಡ. ನಮ್ಮ ಕಡೆಯ ಕನ್ನಡ ಅಲ್ಲಿ ಬಂದರೂ ಬಹಳ ಸಲ ನಗಿಸುವ ಪಾತ್ರದ ಬಾಯಲ್ಲಿ ಬರುತ್ತದೆ.

ಇಂಥ ಮಗುವಿನ ಮುಂದೆ ವಿಜಯಪುರ, ಕಲಬುರಗಿ ಕಡೆಯ ಒಬ್ಬ ಹುಡುಗ ಮೊಬೈಲಿನಲ್ಲಿ ಬಂದು “ಹ್ಯಾಂಗದೀರೆಪಾ ತಮ್ಮಂದಿರಾ” ಅಂತಾನೆ. ಮಗುವಿಗೆ ತನ್ನ ಮನೆಯ ಮಾತು ಮೊದಲ ಸಲ ಮರ್ಯಾದೆಯಿಂದ ಕೇಳಿಸುತ್ತದೆ. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. ನಮ್ಮ ಜವಾರಿ ಕನ್ನಡಕ್ಕೆ ಇಷ್ಟು ದೊಡ್ಡ ಕೇಳುಗ ಬಳಗವನ್ನು ತಂದುಕೊಟ್ಟವರು ಈ ಯೂಟ್ಯೂಬ್, ಇನ್‌ಸ್ಟಾಗ್ರಾಂ ಹುಡುಗರು. ಜಾನಪದ ಹಾಡು, ಸಣ್ಣ ಹಾಸ್ಯ, ಹೊಲದ ಕೆಲಸದ ವಿಡಿಯೋ ಎಲ್ಲವೂ ಅದರಲ್ಲಿ ಸೇರಿವೆ. ಅವರು ಗಳಿಸಿದ ನಂಬಿಕೆ ನಿಜವಾದದ್ದು, ಮತ್ತು ಆ ನಂಬಿಕೆಯೇ ಮಾರಾಟಕ್ಕೆ ಬರುತ್ತದೆ ಎಂಬಲ್ಲಿ ನನ್ನ ತಕರಾರು.

ಸಂಬೋಧನೆಗಳನ್ನೇ ಗಮನಿಸಿ. ‘ಅಣ್ಣ’, ‘ತಮ್ಮ’, ‘ನಿಮ್ಮ ಮನಿ ಮಗ’, ‘ನಮ್ಮ ಫ್ಯಾಮಿಲಿ’. ನಮ್ಮಲ್ಲಿ ನಂಟಿನ ಮಾತಿಗೆ ಕರ್ತವ್ಯ ಅಂಟಿಕೊಂಡಿರುತ್ತದೆ. ಕಾಕಾ ಅನಿಸಿಕೊಂಡವನು ಸಾಲಿ ಬಿಟ್ಟು ಅಲೆಯುವ ಹುಡುಗನ ಕಿವಿ ಹಿಂಡಬೇಕು, ಅಣ್ಣ ಅನಿಸಿಕೊಂಡವನು ತಮ್ಮನ ಸಾಲಕ್ಕೆ ಹೆಗಲು ಕೊಡಬೇಕು. ರೀಲ್ಸ್‌ನಲ್ಲಿ ನಂಟಿನ ಹೆಸರು ಉಳಿದು ಕರ್ತವ್ಯ ಬಿದ್ದುಹೋಗಿದೆ. ನನ್ನ ಸೋದರಮಾವನ ಮಗ ದುಡ್ಡು ಹೋದ ಮೇಲೆ ಆ ‘ಅಣ್ಣ’ನಿಗೆ ಮೂರು ಸಲ ಮೆಸೇಜ್ ಹಾಕಿದ. ಉತ್ತರ ಬರಲಿಲ್ಲ.

ಇದಕ್ಕೆ ಹೋಲಿಸಲು ನಮ್ಮದೇ ಒಂದು ರೂಢಿ ಇದೆ. ಹರದೇಶಿ–ನಾಗೇಶಿ ಗೀಗೀ ಮೇಳಗಳಲ್ಲಿ ಒಂದು ಕಡೆಯವರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಂದು ಕಡೆಯವರು ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ ಜವಾಬು ಕೊಡಬೇಕು. ಅಲ್ಲೂ ಉತ್ಪ್ರೇಕ್ಷೆ ಇತ್ತು, ಗಂಡು ಹೆಣ್ಣಿನ ಹೆಚ್ಚು ಕಡಿಮೆಯ ಮಾತಿತ್ತು, ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಆದರೆ ಹಾಡಿದವನು ಎದುರಿಗೇ ಕೂತಿರುತ್ತಿದ್ದ. ರೀಲ್ಸ್‌ನಲ್ಲಿ ಸವಾಲು ಬೇಡವೆಂದರೆ ಕಾಮೆಂಟ್ ಬಂದ್ ಮಾಡಬಹುದು, ವಿಡಿಯೋವನ್ನೇ ತೆಗೆದುಹಾಕಬಹುದು.

2. ನಿಯಮಗಳು ಕಲಿಸುವುದೇನು

ನಿಯಮಗಳೇ ಇಲ್ಲ ಅನ್ನುವ ಹಾಗಿಲ್ಲ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರ ಮೇ ತಿಂಗಳಲ್ಲಿ ಇನ್‌ಫ್ಲುಯೆನ್ಸರ್ ಜಾಹೀರಾತಿನ ಮಾರ್ಗಸೂಚಿ ಹೊರಡಿಸಿತು. 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ‘ಇದು ಜಾಹೀರಾತು’ ಎಂಬ ಪಟ್ಟಿ ಕನಿಷ್ಠ 3 ಸೆಕೆಂಡ್ ಕಾಣಬೇಕು. 2 ನಿಮಿಷದೊಳಗಿನದ್ದಾದರೆ ವಿಡಿಯೋದ ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಒಂದು ಕೈಪಿಡಿ ಪ್ರಕಟಿಸಿತು. ದುಡ್ಡು, ಉಚಿತ ವಸ್ತು, ಪ್ರವಾಸ ಏನೇ ಪಡೆದಿದ್ದರೂ ಸರಳ ಭಾಷೆಯಲ್ಲಿ, ಕಣ್ಣಿಗೆ ಬೀಳುವ ಹಾಗೆ ಹೇಳಬೇಕೆಂಬುದು ಅದರ ಸಾರ. 2024ರ ಮಾರ್ಚ್‌ನಲ್ಲಿ ಬೆಟ್ಟಿಂಗ್ ಪ್ರಚಾರದ ವಿರುದ್ಧ ಎಚ್ಚರಿಕೆ ಬಂತು. 2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಇವೆಲ್ಲ ಬೇಕಾದವೇ. ಆದರೆ ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದಾಗ ನನಗೆ ಮೂರು ತೊಡಕು ಕಂಡವು.

ಮೊದಲನೆಯದು, ಪಟ್ಟಿಯ ಭಾಷೆ. ಜಾಹೀರಾತು ಮಂಡಳಿಯ ಮಾರ್ಗಸೂಚಿಯ ಪ್ರಕಾರ ಪಟ್ಟಿ ಇಂಗ್ಲಿಷಿನಲ್ಲಿ ಇರಬಹುದು, ಇಲ್ಲವೇ ಜಾಹೀರಾತಿನ ಭಾಷೆಯಲ್ಲಿ ಇರಬಹುದು. ನಾನು ನೋಡಿದ ಕನ್ನಡ ರೀಲ್ಸ್‌ಗಳಲ್ಲಿ ಪಟ್ಟಿ ಇದ್ದರೆ ಅದು ಹೆಚ್ಚಾಗಿ ಇಂಗ್ಲಿಷಿನ ‘ಪೇಯ್ಡ್ ಪಾರ್ಟ್‌ನರ್‌ಶಿಪ್’. ನಂಬಿಸುವ ಮಾತೆಲ್ಲ ಜವಾರಿ ಕನ್ನಡದಲ್ಲಿ, ಎಚ್ಚರಿಸುವ ಎರಡು ಪದ ಮಾತ್ರ ಇಂಗ್ಲಿಷಿನಲ್ಲಿ. ನಮ್ಮೂರ ಏಳನೇ ತರಗತಿಯ ಮಗುವಿಗೆ ಆ ಎರಡು ಪದ ಚಿತ್ರದ ಮೇಲಿನ ಅಲಂಕಾರ ಅಷ್ಟೇ.

ಎರಡನೆಯದು, ಎದುರಿಗೆ ಯಾರಿದ್ದಾರೆ ಎಂಬುದು. ಇನ್‌ಫ್ಲುಯೆನ್ಸರ್ ತನ್ನ ಖಾತೆಯ ಅಂಕಿ ಅಂಶ ತೆರೆದರೆ ನೋಡುಗರು 25ರಿಂದ 44ರ ವಯಸ್ಸಿನವರು ಅಂತ ಬರಬಹುದು. ಹಳ್ಳಿಯಲ್ಲಿ ಮಗು ನೋಡುವುದು ಅಪ್ಪನ ಫೋನಿನಲ್ಲಿ. ಕಂಪನಿಯ ಲೆಕ್ಕದಲ್ಲಿ ಅಲ್ಲಿ ಕೂತಿರುವವನು ನಲವತ್ತು ವರ್ಷದ ರೈತ. ‘ನನ್ನ ವಿಡಿಯೋ ಮಕ್ಕಳಿಗಲ್ಲ’ ಎಂದು ಹೇಳುವವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಮಗು ಕಾಣುವುದೇ ಇಲ್ಲ. ಅಂಕಿಗಳಲ್ಲಿ ಕಾಣದ ಮಗುವನ್ನು ಎದುರಿಗಿದೆ ಎಂದೇ ಎಣಿಸಿ ಮಾತಾಡುವುದು ಮೊದಲ ಪಾಠ ಆಗಬೇಕು.

ಮೂರನೆಯದು ಮುಖ್ಯವಾದದ್ದು. 2022ರ ಮಾರ್ಗಸೂಚಿಯಲ್ಲಿ ಮಕ್ಕಳ ಬಗ್ಗೆ ಒಂದು ಒಳ್ಳೆಯ ಅಂಶವಿದೆ. ಮಕ್ಕಳ ಅನುಭವದ ಕೊರತೆಯನ್ನು, ಬೇಗ ನಂಬುವ ಗುಣವನ್ನು, ನಿಷ್ಠೆಯನ್ನು ಜಾಹೀರಾತು ದುರುಪಯೋಗ ಮಾಡಿಕೊಳ್ಳಬಾರದು ಎಂಬ ಅರ್ಥದ ಮಾತದು. ‘ನಿಷ್ಠೆ’ ಎಂಬುದನ್ನು ನಾನು ಎರಡು ಸಲ ಓದಿದೆ. “ನಮ್ಮ ಹಂಗ ಮಾತಾಡ್ತಾನ” ಅಂದಾಗ ಆ ಹುಡುಗ ಹೇಳಿದ್ದು ಅದನ್ನೇ. ಕಾನೂನು ದೋಷವನ್ನು ಸರಿಯಾಗಿ ಗುರುತಿಸಿದೆ. ಆದರೆ ಆ ದೋಷ ಒಂದು ಕನ್ನಡ ವಾಕ್ಯದಲ್ಲಿ ಹೇಗೆ ಕಾಣುತ್ತದೆ, ಹೇಗೆ ತಿದ್ದಬೇಕು ಅಂತ ತೋರಿಸುವುದು ಕಾನೂನಿನ ಕೆಲಸ ಅಲ್ಲ, ನಮ್ಮ ಕೆಲಸ.

3. ಕವಿರಾಜಮಾರ್ಗ ಕಲಿಸಿದ ರೀತಿ

ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವನ್ನು ನಾವೆಲ್ಲ ಕಾವ್ಯಮೀಮಾಂಸೆಯ ಪತ್ರಿಕೆಗೆ ಓದಿದ್ದೇವೆ. ಕಾವೇರಿಯಿಂದ ಗೋದಾವರಿಯವರೆಗೆ ಅದು ಹೇಳುವ ಕನ್ನಡ ನಾಡಿನೊಳಗೆ ಸೋಲಾಪುರವೂ ಬರುತ್ತದೆ ಅಂತ ನಮ್ಮ ಕಡೆಯವರು ಹೆಮ್ಮೆಯಿಂದ ನೆನೆಯುತ್ತೇವೆ. ನನಗೆ ಇಲ್ಲಿ ಬೇಕಾದದ್ದು ಅದರ ಪಾಠದ ಕ್ರಮ. ಮೊದಲ ಪರಿಚ್ಛೇದದಲ್ಲಿ ಶ್ರೀವಿಜಯ ದೋಷದ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ದೋಷವಿರುವ ಪದ್ಯವನ್ನು ಕೊಡುತ್ತಾನೆ, ಅದನ್ನೇ ತಿದ್ದಿ ಪಕ್ಕದಲ್ಲಿ ಇಡುತ್ತಾನೆ. ಕಲಿಯುವವನಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಕನ್ನಡ ಒಂದೇ ಅಲ್ಲ, ಹಲವು ಕನ್ನಡಗಳಿವೆ ಎಂಬ ಅರಿವೂ ಅವನಿಗಿದೆ. ಇನ್‌ಫ್ಲುಯೆನ್ಸರ್‌ಗೆ ಕಲಿಸಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿಯದು.

ಮೂರು ದೋಷಗಳನ್ನು ತಿದ್ದಿ ತೋರಿಸುತ್ತೇನೆ. ವಾಕ್ಯಗಳು ಯಾರದೇ ವಿಡಿಯೋದಿಂದ ತೆಗೆದವಲ್ಲ, ಮಾದರಿಗೆಂದು ನಾನೇ ಕಟ್ಟಿದವು.

ನಂಟಿನ ದೋಷ. “ತಮ್ಮಾ, ನಿಮ್ಮ ಅಣ್ಣ ಹೇಳ್ತಾನಂದ್ರ ಸುಳ್ಳ ಇರ್ತದೇನು? ಲಿಂಕ್ ಒತ್ತು.” ಇಲ್ಲಿ ವಸ್ತುವಿನ ಗುಣಕ್ಕೆ ನಂಟೇ ಸಾಕ್ಷಿ. ತಿದ್ದಿದರೆ: “ಇದರ ಸಲುವಾಗಿ ಕಂಪನಿಯವರು ನನಗ ರೊಕ್ಕಾ ಕೊಟ್ಟಾರ. ಹಂಗಾಗಿ ನನ್ನ ಮಾತೊಂದನ್ನ ನಂಬಬ್ಯಾಡ್ರಿ, ಮನ್ಯಾಗ ಕೇಳ್ರಿ.” ‘ತಮ್ಮ’ ಎಂಬ ಪದವನ್ನು ಬಿಡಬೇಕಾಗಿಲ್ಲ. ಮಾರುವ ವಾಕ್ಯದಲ್ಲಿ ಮಾತ್ರ ಅದು ಬರಬಾರದು.

ಅವಸರದ ದೋಷ. “ಇವತ್ತೊಂದ ದಿನ ಐತಿ, ಬಿಟ್ರ ಹೋತು.” ದೊಡ್ಡವರು ಸಂತೆಯಲ್ಲಿ ಇಂಥ ಮಾತು ಕೇಳಿ ಪಳಗಿದವರು, ಮಗು ಪಳಗಿಲ್ಲ. ತಿದ್ದಿದರೆ: “ನಾಳೆ ತಗೊಂಡ್ರೂ ನಡೀತದ. ಅಪ್ಪ ಅವ್ವ ಬಂದ ಮ್ಯಾಲ ನೋಡ್ರಿ.” ಇದನ್ನು ಯಾವ ಕಂಪನಿಯೂ ಒಪ್ಪುವುದಿಲ್ಲ ಅನ್ನಬಹುದು. ಒಪ್ಪದಿದ್ದರೆ ಆ ಜಾಹೀರಾತು ಮಕ್ಕಳ ಮುಂದೆ ಬರಬೇಕಾದದ್ದೇ ಅಲ್ಲ ಅಂತ ತಿಳಿಯಿತು.

ನಗೆಯ ದೋಷ. ಇದರಲ್ಲಿ ಮಾರಾಟವಿಲ್ಲ, ಆದ್ದರಿಂದ ಜಾಹೀರಾತಿನ ನಿಯಮದ ಕೈಗೆ ಸಿಗುವುದಿಲ್ಲ. ಕಪ್ಪು ಬಣ್ಣದ ಹುಡುಗಿಯನ್ನು ಆಡಿಕೊಳ್ಳುವ, ಹೆಂಡತಿಗೆ ಹೊಡೆಯುವುದನ್ನು ಹಾಸ್ಯ ಮಾಡುವ ವಿಡಿಯೋಗಳ ಮಾತು ಮರುದಿನ ಶಾಲೆಯ ಅಂಗಳದಲ್ಲಿ ಕೇಳಿಸುತ್ತದೆ. ಇಲ್ಲಿ ಒಂದು ವಾಕ್ಯ ತಿದ್ದಿದರೆ ಸಾಲದು, ಯಾರ ಮೇಲೆ ನಗುತ್ತೇವೆ ಎಂಬುದೇ ಬದಲಾಗಬೇಕು. ಬಡಿಯುವ ಗಂಡನೇ ನಗೆಗೀಡಾಗುವ ಹಾಗೆ ಅದೇ ಪ್ರಸಂಗವನ್ನು ಬರೆಯಲು ಸಾಧ್ಯ.

4. ಚರ್ಚೆಯಿಂದ

ಗೆಳೆಯರೊಬ್ಬರು ಕೇಳಿದರು: ಇನ್‌ಫ್ಲುಯೆನ್ಸರ್‌ಗೆ ಯಾಕೆ ಕಲಿಸಬೇಕು, ಮಕ್ಕಳನ್ನೇ ದೂರ ಇಟ್ಟರಾಯಿತಲ್ಲ? ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಖಾತೆ ಇರಬಾರದೆಂದು ಮಾಡಿದೆ. ಆ ಪ್ರಯತ್ನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಖಾತೆಯೇ ಇಲ್ಲ, ಅಪ್ಪನ ಫೋನಿದೆ. ಇಲ್ಲದ ಖಾತೆಯನ್ನು ಮುಚ್ಚಿಸಿ ಏನು ಸಿಗುತ್ತದೆ? ಇನ್ನೊಂದು ಮಾತು. ಗಡಿಯ ಮಗುವಿಗೆ ಮನೆಯ ಹೊರಗೆ ತನ್ನ ಕನ್ನಡ ಕೇಳಿಸುವ ಜಾಗಗಳು ಬಹಳ ಕಡಿಮೆ. ಇದನ್ನೂ ಮುಚ್ಚುವುದಕ್ಕಿಂತ ಸ್ವಚ್ಛ ಮಾಡುವುದು ನನಗೆ ಮೇಲೆನಿಸುತ್ತದೆ.

ಅಧ್ಯಾಪಕರೊಬ್ಬರ ಪ್ರಶ್ನೆ ಹೆಚ್ಚು ಗಟ್ಟಿಯಾಗಿತ್ತು. “ಆ ರೀಲ್ಸ್ ಹುಡುಗನಿಗೂ ಇಪ್ಪತ್ತೇ ವರ್ಷ. ಕೆಲಸ ಇಲ್ಲ, ಹೊಲದಲ್ಲಿ ಬೆಳೆ ಇಲ್ಲ. ಅವನ ಹೊಟ್ಟೆಪಾಡಿನ ಮೇಲೆ ನೀವು ನೀತಿ ಹೇರ್ತೀರಾ?” ಈ ಪ್ರಶ್ನೆ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಅವನಿಗೆ ಲಿಂಕ್ ಕೊಟ್ಟ ಕಂಪನಿ ಗಳಿಸಿದ್ದರ ಮುಂದೆ ಅವನಿಗೆ ಸಿಕ್ಕಿದ್ದು ಪುಡಿಗಾಸು ಇರಬಹುದು. ದಂಡದ ಮೊದಲ ಭಾರ ಕಂಪನಿಯ ಮೇಲೂ ವೇದಿಕೆಯ ಮೇಲೂ ಬೀಳಬೇಕು, ಒಪ್ಪುತ್ತೇನೆ. ಆದರೆ ಕಲಿಕೆಯನ್ನು ಶಿಕ್ಷೆ ಅಂತ ಯಾಕೆ ತಿಳಿಯಬೇಕು? ಯುನೆಸ್ಕೋ 2024ರ ನವೆಂಬರ್‌ನಲ್ಲಿ 45 ದೇಶಗಳ 500 ಮಂದಿ ಇನ್‌ಫ್ಲುಯೆನ್ಸರ್‌ಗಳ ಸಮೀಕ್ಷೆ ಪ್ರಕಟಿಸಿತು. ಹಂಚುವ ಮುನ್ನ ಸರಿಯಾಗಿ ಪರಿಶೀಲಿಸುವುದಿಲ್ಲ ಎಂದವರು ಶೇ. 62. ತರಬೇತಿ ಬೇಕು ಎಂದವರು ಶೇ. 73. ಕಲಿಯಲು ಅವರು ಸಿದ್ಧರಿದ್ದಾರೆ. ಅವರ ಕನ್ನಡದಲ್ಲಿ ಕಲಿಸುವವರು ಬೇಕು.

5. ಮುಗಿಸುವ ಮುನ್ನ

ಸೋಲಾಪುರ ಸಿದ್ಧರಾಮನ ಊರು. ನುಡಿದಂತೆ ನಡೆಯಬೇಕೆಂದ ಶರಣರ ಪರಂಪರೆಯನ್ನು ಇಲ್ಲಿ ಎಲ್ಲರೂ ಹೆಸರಿಸುತ್ತಾರೆ. ಜಯದೇವಿತಾಯಿ ಲಿಗಾಡೆ ಇದೇ ಊರಿನಲ್ಲಿ ಕನ್ನಡಕ್ಕಾಗಿ ದುಡಿದು 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಆಗ ಕನ್ನಡ ಉಳಿಸುವುದು ಅಂದರೆ ಶಾಲೆ, ಪುಸ್ತಕ, ಸಭೆ. ಈಗ ಮೊಬೈಲಿನಲ್ಲಿ ಕೇಳುವ ಕನ್ನಡ ಮಗುವಿಗೆ ಮೋಸ ಮಾಡದ ಹಾಗೆ ನೋಡಿಕೊಳ್ಳುವುದೂ ಅದೇ ಕೆಲಸದ ಭಾಗ ಎಂದು ನನ್ನ ತಿಳುವಳಿಕೆ.

ಹಾಗಾಗಿ ವಿಭಾಗದ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ನಮ್ಮ ಎಂ.ಎ. ತರಗತಿಯಲ್ಲಿ ‘ದೋಷ’ದ ಪಾಠ ಬಂದಾಗ ಒಂದು ದಿನ ನಮ್ಮ ಭಾಗದ ನಾಲ್ಕೈದು ರೀಲ್ಸ್ ಹುಡುಗ ಹುಡುಗಿಯರನ್ನು ಕರೆಯೋಣ. ಅವರ ವಾಕ್ಯಗಳನ್ನು ಅವರೇ ತಿದ್ದಲಿ, ನಾವು ಜೊತೆಗೆ ಕೂರೋಣ. ಅವರ ಹತ್ತಿರ ನಾವೂ ಕಲಿಯುವುದಿದೆ, ಮೂವತ್ತು ಸೆಕೆಂಡಿನಲ್ಲಿ ಮಗುವಿನ ಕಿವಿ ಹಿಡಿದು ನಿಲ್ಲಿಸುವ ಕಲೆ ನಮಗೆ ಬರುವುದಿಲ್ಲ.

ನನ್ನ ಸೋದರಮಾವನ ಮಗ ಈಗಲೂ ರೀಲ್ಸ್ ನೋಡುತ್ತಾನೆ. ಹೋದ ವಾರ ಒಂದು ವಿಡಿಯೋ ತೋರಿಸಿ “ಇಂವಗ ಇದಕ್ಕ ರೊಕ್ಕಾ ಕೊಟ್ಟಿರಬೇಕು ನೋಡು” ಅಂದ. ನಾಲ್ಕು ಸಾವಿರ ಕೊಟ್ಟು ಅವನು ಅಷ್ಟು ಕಲಿತ. ಉಳಿದ ಮಕ್ಕಳಿಗೆ ಆ ಮಾತನ್ನು ವಿಡಿಯೋ ಮಾಡಿದವನೇ ಮೊದಲು ಹೇಳಲಿ ಎಂಬುದಷ್ಟೇ ನನ್ನ ಕೇಳಿಕೆ.