36ನೇ ಸ್ಥಾನದ ಬೆಲೆ

ಬೆಂಗಳೂರಿನ ಪೀಣ್ಯದ ಒಳರಸ್ತೆಯ ಶೆಡ್ಡುಗಳಲ್ಲಿ ಬೈಕಿನ ಬಾಗಿದ ಫೋರ್ಕ್ ಪೈಪ್ ನೆಟ್ಟಗೆ ಮಾಡುವುದನ್ನು ನೋಡುತ್ತಾ ನಿಲ್ಲುವುದು ನನಗಿಷ್ಟ. ಪೈಪನ್ನು ವಿ-ಬ್ಲಾಕ್ ಮೇಲೆ ಮಲಗಿಸಿ, ಡಯಲ್ ಗೇಜ್ ತಾಗಿಸಿ ಮೆಲ್ಲಗೆ ಉರುಳಿಸುತ್ತಾರೆ. ಮುಳ್ಳು ಎಲ್ಲಿ ಜಿಗಿಯಿತೋ ಅಲ್ಲೇ ಸೊಟ್ಟ. ಪ್ರೆಸ್‌ಗೆ ಕೊಟ್ಟು ಒತ್ತಿ, ಮತ್ತೆ ಉರುಳಿಸಿ, ಮತ್ತೆ ಒತ್ತುತ್ತಾರೆ. ಮಣ್ಣಿನ ರೇಸಿಗೆ ಇಳಿದ ಬೈಕಿನ ಬಾಳೇ ಹೀಗೆ. ಸವಾರರ ಮೂಳೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

ಪೋಲೆಂಡ್, ಬ್ರಿಟನ್‌ನಲ್ಲಿ ಮಣ್ಣಿನ ರೇಸ್ ಎಂದರೆ ಸ್ಪೀಡ್‌ವೇ. ಮೆಥನಾಲ್‌ನಲ್ಲಿ ಓಡುವ, ಬ್ರೇಕೇ ಇಲ್ಲದ 500 ಸಿಸಿ ಬೈಕು. ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸುಮಾರು ಒಂದು ನಿಮಿಷದಲ್ಲಿ ತೀರ್ಮಾನ. ನಮ್ಮಲ್ಲಿ ಅದು ಬೇರು ಬಿಡಲಿಲ್ಲ. ನಮ್ಮ ಹುಡುಗರು ಪಳಗಿದ್ದು ಮೋಟೋಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ. ಅಲ್ಲಿಂದ ಮರುಭೂಮಿಗೆ ಹೊರಟವರು ಬೆಂಗಳೂರಿನ ಸಿ.ಎಸ್. ಸಂತೋಷ್.

2015ರ ಡಕಾರ್ ರ‍್ಯಾಲಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳಲ್ಲಿ 9,000 ಕಿ.ಮೀ.ಗೂ ಹೆಚ್ಚು ಓಡಿತು. ಕೆಟಿಎಂ 450 ಏರಿದ್ದ ಸಂತೋಷ್ 36ನೆಯವರಾಗಿ ಗುರಿ ಮುಟ್ಟಿದರು; ಡಕಾರ್ ಪೂರ್ತಿ ಮುಗಿಸಿದ ಮೊದಲ ಭಾರತೀಯ. ಈ 36 ಅನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಹಿಂದಿನ ಸಂಜೆ ಕೈಗೆ ಬರುತ್ತಿದ್ದ ಕಾಗದದ ಸುರುಳಿಯೇ ಆಗ ಅಲ್ಲಿ ದಾರಿ. ಅದಕ್ಕೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. ಮರುದಿನ ಫುಟ್‌ಪೆಗ್ ಮೇಲೆ ನಿಂತು, ಹೆಬ್ಬೆರಳಿನಲ್ಲಿ ಸುರುಳಿ ಸರಿಸುತ್ತಾ, ಕಣ್ಣನ್ನು ಕಾಗದಕ್ಕೂ ಕಲ್ಲಿಗೂ ಹಂಚಬೇಕಿತ್ತು. ಸಮುದ್ರಮಟ್ಟದಿಂದ 3,600 ಮೀಟರ್‌ಗೂ ಎತ್ತರದ ಉಯೂನಿ ಉಪ್ಪಿನ ಬಯಲಿನಲ್ಲಿ ಆ ವರ್ಷ ಮಳೆನೀರು ನಿಂತಿತ್ತು. ಉಪ್ಪುನೀರು ವೈರಿಂಗ್‌ಗೆ ನುಗ್ಗಿ ಬೈಕುಗಳು ಸಾಲಾಗಿ ಕೆಟ್ಟವು. ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಜೋನ್ ಬರ‍್ರೆಡಾ ಅವರ ಹೋಂಡಾ ಅಲ್ಲೇ ಕೈಕೊಟ್ಟಿತು. ಆ ಬಯಲು ದಾಟಿಸಿ ಯಂತ್ರವನ್ನು ಜೀವಂತ ಉಳಿಸಿಕೊಂಡದ್ದೇ ಸಂತೋಷ್ ಅವರ ದೊಡ್ಡ ವಿದ್ಯೆ ಎಂದು ನನ್ನ ನಂಬಿಕೆ. ಗಾಡಿಯ ನೋವು ಬಲ್ಲವನೇ ಇಂಥದ್ದನ್ನು ಮುಗಿಸುತ್ತಾನೆ. ಲೇತಿನ ಮುಂದೆ ದಿನ ಕಳೆಯುವ ಪೀಣ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಹೀರೋ ತಂಡದಲ್ಲಿ 2017ರಲ್ಲಿ 47ನೇ ಸ್ಥಾನ, 2018ರಲ್ಲಿ 34. 2020ರಲ್ಲಿ ಡಕಾರ್ ನಡೆದ ಸೌದಿ ಮರಳಿನಲ್ಲಿ ತಂಡದ ಜೊತೆಗಾರ ಪಾವ್ಲೊ ಗೊನ್ಸಾಲ್ವಿಸ್ ತೀರಿಕೊಂಡರು. ಅಷ್ಟಾದ ಮೇಲೂ ಸಂತೋಷ್ ಮರುವರ್ಷ ಹೋದರು. ನಾಲ್ಕನೇ ಹಂತದಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ರಿಯಾದ್‌ನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧದ ಕೋಮಾದಲ್ಲಿ ಇಡಬೇಕಾಯಿತು. ಅವರು ಚೇತರಿಸಿಕೊಂಡ ಸುದ್ದಿ ನನಗೆ ಯಾವ ಟ್ರೋಫಿಗಿಂತಲೂ ದೊಡ್ಡದು.

ಅವರು ತುಳಿದ ದಾರಿಯಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಎರಡು ಸಲ ಅರ್ಧಕ್ಕೇ ಹೊರಬಿದ್ದು, 2019ರಲ್ಲಿ 37ನೆಯವರಾಗಿ ಡಕಾರ್ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಹಿಂದಿನ ವರ್ಷ ಸ್ಪೇನ್‌ನಲ್ಲಿ ಬಿದ್ದು ಆಸ್ಪತ್ರೆ ಸೇರಿದ್ದ ಹುಡುಗಿ ಅವರು.

ಸಂತೋಷ್ ಕೋಲಾರದ ಬಳಿ ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದ್ದಾರೆ. ಮಗನಿಗೋ ಮಗಳಿಗೋ ಮಣ್ಣಿನ ಹುಚ್ಚು ಹತ್ತಿದ್ದರೆ ತುಮಕೂರು ರಸ್ತೆಯಲ್ಲಿ ವೀಲಿಂಗ್ ಮಾಡಲು ಬಿಡಬೇಡಿ, ಅಂಥ ಜಾಗಕ್ಕೆ ಕರೆದುಕೊಂಡು ಹೋಗಿ. ಬೈಕಿಗಿಂತ ಮೊದಲು ಹೆಲ್ಮೆಟ್, ಬೂಟು, ಮಂಡಿ ಕವಚಕ್ಕೆ ದುಡ್ಡು ತೆಗೆದಿಡಿ.