ಕಾಯಿ ಹಣ್ಣಾಗುವ ಹೊತ್ತು

ಆರಿದ್ರಾ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಈಸೂರಿನ ನೆಂಟರ ಮನೆಯಲ್ಲಿ ಅವತ್ತು ಹೆಂಚಿನ ಮೇಲೆ ಬೀಳುತ್ತಿದ್ದ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಶಾಲೆಗೆ ರಜೆ, ಕರೆಂಟಿಲ್ಲ, ಮೊಬೈಲಿನ ಚಾರ್ಜು ಮುಗಿದಿತ್ತು. ನಡುಮನೆಯಲ್ಲಿ ಉರುಳಾಡುತ್ತಿದ್ದ ಮಕ್ಕಳ ಮುಂದೆ ಅಜ್ಜಿ ನಾಲ್ಕು ಹುಣಸೆ ಬೀಜ ಚೆಲ್ಲಿದರು. "ಒಂದ್ ಮಗ್ಲು ಉಜ್ಜಿ ತರ್ರಿ, ಆಮ್ಯಾಲೆ ನೋಡಾಣ."

ಚೌಕಾಬಾರದ ಅರ್ಧ ಸುಖ ಈ ಉಜ್ಜುವುದರಲ್ಲೇ ಇದೆ. ಜಗಲಿಯ ಒರಟು ಕಲ್ಲಿಗೆ ಬೀಜ ಒತ್ತಿ ಗರಗರ ತಿಕ್ಕಿದರೆ ಮೊದಲು ಕಂದು ಸಿಪ್ಪೆ ಮಂಕಾಗುತ್ತದೆ, ಆಮೇಲೆ ನಡುವೆ ಒಂದು ಬಿಳಿ ಚುಕ್ಕೆ, ನೋಡನೋಡುತ್ತ ಅದು ಇಡೀ ಮೈಗೆ ಹಬ್ಬಿ ಹಾಲಿನ ಕೆನೆಯ ಬಣ್ಣ. ಬೀಜ ಕಾದಿರುತ್ತದೆ. ದೊಡ್ಡವನು ಅದನ್ನು ಮೆಲ್ಲಗೆ ತಂಗಿಯ ಕುತ್ತಿಗೆಗೆ ಮುಟ್ಟಿಸಿದ. ಅವಳು ಚೀರಿದ್ದು ಮಳೆಯನ್ನೂ ಮೀರಿ ಕೇಳಿತು. ಪೇಟೆಯಲ್ಲಿ ಕವಡೆ ಸಿಗುತ್ತದೆ, ನಿಜ. ಆದರೆ ಕೊಂಡು ತಂದ ಕವಡೆಗೆ ಈ ಬಿಸಿ ಎಲ್ಲಿಂದ ಬರಬೇಕು?

ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ. ಹೊರಸುತ್ತಿಗೆ ಹದಿನಾರು, ಒಳಸುತ್ತಿಗೆ ಎಂಟು, ನಡುವೆ ಒಂದು. ಬಳೆಚೂರು, ಕಡಲೆಬೀಜ, ಪೊರಕೆ ಕಡ್ಡಿಯ ತುಂಡುಗಳೇ ಕಾಯಿಗಳು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು, ಅದೇ ಬಾರ. ಬೀಜ ಬೀಳುವ ಹದಿನಾರು ಬಗೆಯಲ್ಲಿ ಆರು ಬಗೆಗೆ ಎರಡೇ ಗರ, ಚೌಕಕ್ಕೊಂದು, ಬಾರಕ್ಕೊಂದು. ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲದಿದ್ದರೂ ಆ ಹುಡುಗಿಯ ಬೆರಳಿಗೆ ಗೊತ್ತಿತ್ತು. ಅಣ್ಣನ ಕಾಯಿಗಿಂತ ಸರಿಯಾಗಿ ಎರಡು ಮನೆ ಹಿಂದೆ ಹೊಂಚು ಹಾಕಿ ನಿಲ್ಲುತ್ತಿದ್ದಳು.

ಎಣಿಸಲು ಬಾರದ ಕಿರಿಯವನನ್ನು ಅಜ್ಜಿ ಆಟದ ಅಮಲ್ದಾರ ಮಾಡಿದರು. ಜಗಳ ಬಂದರೆ ಅವನು ಹೇಳಿದ್ದೇ ತೀರ್ಪು. ಬೇರೆ ಊರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಈ ಊರು ಪುಟ್ಟ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿತ್ತು. ಮರುವರ್ಷ ಮಾರ್ಚ್‌ನಲ್ಲಿ ಊರಿನ ಐವರು ಗಲ್ಲಿಗೇರಿದರು. ನಮ್ಮ ಅಮಲ್ದಾರ ಮಾತ್ರ ಹುರಿದ ಹಲಸಿನ ಬೀಜ ಯಾರು ಕೊಟ್ಟರೆ ಅವರ ಪರ.

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ರುಚಿಸುವುದು ಒಂದು ಮಾತು. ಕಾಯಿ ನಡುಮನೆ ಸೇರಿದರೆ ಗೆದ್ದಿತು ಎನ್ನುವುದಿಲ್ಲ, ಹಣ್ಣಾಯಿತು ಎನ್ನುತ್ತಾರೆ. ಹೊರಸುತ್ತಿನಲ್ಲಿ ಬಿಸಿಲು ಕಂಡು, ಒಂದಾದರೂ ಕಾಯಿ ಕಡಿದು ಒಳಸುತ್ತಿಗೆ ಅರ್ಹತೆ ಪಡೆದು, ಹಿಂದುಮುಂದಾಗಿ ತಿರುಗಿ, ಕಡೆಗೆ ಹಣ್ಣು. ಕಡಿಸಿಕೊಂಡರೆ ಮತ್ತೆ ಎಳೆಗಾಯಿ, ಮೊದಲಿನಿಂದ ಸುತ್ತಬೇಕು. ಬಳೆಚೂರು ಇಷ್ಟು ದೊಡ್ಡ ಬದುಕು ಬಾಳುತ್ತದೆಂದು ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ; "ನಂದು ಹಣ್ಣಾತು!" ಎಂದು ಕೂಗುವಾಗ ಬಾಯಲ್ಲಿ ನೀರೂರಿದಂತೆಯೇ ಇರುತ್ತದೆ.

ಮಧ್ಯಾಹ್ನ ಮಳೆ ತುಸು ಬಿಡುವು ಕೊಟ್ಟಿತು. ಹುಡುಗರಿಬ್ಬರೂ ಅಂಗಳದ ಕೆಂಪು ನೀರಿಗೆ ಹಾರಿದರು. ಹುಡುಗಿ ಏಳಲಿಲ್ಲ. ಅವಳ ಕೊನೆಯ ಕಾಯಿ ಹಣ್ಣಾಗಲು ಒಂದೇ ಗರ ಬೇಕಿತ್ತು. ಬೀಜಗಳನ್ನು ಅಂಗೈಯಲ್ಲಿ ಕುಲುಕಿ, ಉಫ್ ಎಂದು ಊದಿ, ಹಾಕಿದಳು. ಎರಡು. ಮತ್ತೆ ಹಾಕಿದಳು.

"ಎಲ್ರೂ ಹೋದ್ರಲ್ಲೇ ತಂಗಿ," ಅಂದರು ಅಜ್ಜಿ.

"ತಡಿಯಜ್ಜಿ," ಅಂದಳು, ತಲೆ ಎತ್ತದೆ. ಮತ್ತೆ ಎರಡು.