ನಾನು ಉಣ್ಣದ ಊಟ

ಮಾಂಸ ತಿನ್ನದವಳು, ಮದ್ಯದ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವವಳು ಫ್ರಾನ್ಸಿನ ಅಡುಗೆ ಪುಸ್ತಕವೊಂದರ ಬಗ್ಗೆ ಬರೆಯಹೊರಟರೆ ನಗುವವರು ನಗಲಿ. ಮೊದಲು ನಕ್ಕವಳು ನನ್ನ ಮಗಳೇ. ಅವಳು ಕೆಲಸದ ಮೇಲೆ ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋಗಿ ಎರಡು ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ ಬಂದಾಗ ಎಲಿಜಬೆತ್ ಡೇವಿಡ್ ಬರೆದ 'ಫ್ರೆಂಚ್ ಪ್ರೊವಿನ್ಷಿಯಲ್ ಕುಕಿಂಗ್' ಎಂಬ ದಪ್ಪ ಇಂಗ್ಲಿಷ್ ಪುಸ್ತಕ ಕೈಗಿಟ್ಟು, "ಅಮ್ಮಾ, ಇದರಲ್ಲಿರೋದನ್ನ ಮಾಡಬೇಕಂತ ಏನಿಲ್ಲ, ಸುಮ್ಮನೆ ಓದು" ಅಂದಳು.

ಅದಕ್ಕೂ ಹಿಂದೆ ನಮ್ಮಿಬ್ಬರಿಗೂ ಒಂದು ಜಗಳವಾಗಿತ್ತು. ಅವಳು ಕಳಿಸಿದ ಫೋಟೋ ಒಂದರಲ್ಲಿ, ಗೆಳತಿಯರ ನಡುವೆ ಊಟಕ್ಕೆ ಕೂತ ಅವಳ ಮುಂದೆ ಕೆಂಪು ವೈನಿನ ಲೋಟವಿತ್ತು. ಹದಿನೈದು ದಿನ ನಾನು ಅವಳೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಪುಸ್ತಕ ರಾಜಿಯ ಕಾಣಿಕೆ ಎಂದು ಗೊತ್ತಿದ್ದರಿಂದ, ತಪ್ಪು ಹುಡುಕುವುದಕ್ಕೆಂದೇ ಓದತೊಡಗಿದೆ. ಶಾಲೆಗೆ ಒಯ್ಯುವಾಗ ರಟ್ಟಿಗೆ ಹಳೆಯ ಪತ್ರಿಕೆಯ ಬೈಂಡು ಹಾಕಿದ್ದೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಡೇವಿಡ್ (1913–1992) ಇಂಗ್ಲೆಂಡಿನ ಅನುಕೂಲಸ್ಥ ಮನೆತನದ ಹೆಣ್ಣುಮಗಳು. ಹರೆಯದಲ್ಲಿ ಪ್ಯಾರಿಸ್ಸಿನ ಸಂಸಾರವೊಂದರ ಜೊತೆ ಇದ್ದು ಓದಿದರು. ಓದಿಗಿಂತ ಆ ಮನೆಯ ಊಟ ಹೆಚ್ಚು ಮೈಗೂಡಿತು. ಯುದ್ಧಕಾಲದಲ್ಲಿ ಈಜಿಪ್ಟಿನಲ್ಲಿದ್ದರು. ಸೇನಾಧಿಕಾರಿಯನ್ನು ಮದುವೆಯಾಗಿ ಕೆಲವು ಕಾಲ ದೆಹಲಿಗೂ ಬಂದಿದ್ದರು. 1946ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಅಲ್ಲಿ ಬೆಣ್ಣೆ, ಮಾಂಸ, ಸಕ್ಕರೆ ಎಲ್ಲಕ್ಕೂ ಪಡಿತರ. ಆ ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಅಂಥ ಬರಗಾಲದ ನಡುವೆ, 1950ರಲ್ಲಿ, ಮೆಡಿಟರೇನಿಯನ್ ಅಡುಗೆಯ ಬಗ್ಗೆ ಅವರ ಮೊದಲ ಪುಸ್ತಕ ಬಂತು. ನಾನು ಓದಿದ ಈ ಪುಸ್ತಕ 1960ರದು. ಸಿಗದ ಊಟವನ್ನು ನೆನೆದು ಬರೆದವರ ಹಸಿವು ಇದರಲ್ಲೂ ಇದೆ. ಆ ಹಸಿವೇ ನನ್ನ ಸಿಟ್ಟನ್ನು ಮೊದಲು ಸಡಿಲಿಸಿದ್ದು.

ಮೂವತ್ತು ವರ್ಷದಿಂದ ನಾನು ಸಮಾಜ ಪಾಠ ಹೇಳುವವಳು. 'ಮೆಡಿಟರೇನಿಯನ್ ವಾಯುಗುಣ: ಒಣ ಬೇಸಿಗೆ, ಚಳಿಗಾಲದಲ್ಲಿ ಮಳೆ. ಬೆಳೆಗಳು: ದ್ರಾಕ್ಷಿ, ಆಲಿವ್' ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆ ಸಾಲಿಗೆ ರುಚಿ ಇದೆಯೆಂದು ಗೊತ್ತಾದದ್ದು ಈಗ. ಡೇವಿಡ್ ಅಡುಗೆಯ ವಿಧಾನಕ್ಕೆ ಕೈಹಾಕುವ ಮೊದಲು ಪ್ರಾಂತ ಪ್ರಾಂತವಾಗಿ ನಮ್ಮನ್ನು ಸುತ್ತಿಸುತ್ತಾರೆ. ಫ್ರಾನ್ಸಿನದು ಒಂದು ಅಡುಗೆಮನೆ ಅಲ್ಲ. ಹಸುಗಳು ಮೇಯುವ ತೇವದ ನಾರ್ಮಂಡಿಯಲ್ಲಿ ಬೆಣ್ಣೆ ಮತ್ತು ಕೆನೆ. ನೈರುತ್ಯದ ಗ್ಯಾಸ್ಕನಿ, ಪೆರಿಗೋರ್ ಕಡೆ ಬಾತುಕೋಳಿಯ ಕೊಬ್ಬು. ಬಿಸಿಲಿನ ಪ್ರೊವಾನ್ಸಿನಲ್ಲಿ ಆಲಿವ್ ಎಣ್ಣೆ. ಬಾಣಲೆಗೆ ಮೊದಲು ಏನು ಬೀಳುತ್ತದೆ ಎನ್ನುವುದರ ಮೇಲೆ ಒಂದು ದೇಶದ ನಕ್ಷೆ ಬರೆಯಬಹುದು.

ಹೆಸರುವಾಸಿ ತಿನಿಸುಗಳಲ್ಲಿ ಬಹುಪಾಲು ಬಡವರ ಒಲೆಯವು. ಮಾರ್ಸೇಲ್ ಬಂದರಿನ ಬೂಯಾಬೇಸ್, ಮೀನುಗಾರರು ಮಾರಲಾಗದೆ ಉಳಿಸಿಕೊಂಡ ಮುಳ್ಳುಮೀನಿನ ಸಾರು. ಕಾಸುಲೆ ಎಂಬುದು ಬಿಳಿ ಹುರುಳಿಕಾಯಿಯ ಕಾಳನ್ನು ಮಾಂಸದ ಜೊತೆ ಮಣ್ಣಿನ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸಿದ್ದು. ಇದು ತಮ್ಮದೇ ಎಂದು ಕಾಸ್ತೆಲ್ನೊದಾರಿ, ಕಾರ್ಕಸೋನ್, ತುಲೂಸ್ ಮೂರೂ ಊರಿನವರ ಪಟ್ಟು. ಪ್ರೊಸ್ಪರ್ ಮೊಂತಾನ್ಯೆ ಎಂಬ ಬಾಣಸಿಗ ಈ ಮೂರು ಊರುಗಳ ಕಾಸುಲೆಯನ್ನು ಕ್ರೈಸ್ತರ ತ್ರಿಮೂರ್ತಿಗಳಿಗೇ ಹೋಲಿಸಿ ಜಗಳ ತಣಿಸಲು ನೋಡಿದ್ದರು. ಆದರೆ ಆ ಬಿಳಿ ಕಾಳು ಕೊಲಂಬಸ್ಸಿನ ಯಾನದ ನಂತರ ಅಮೆರಿಕದಿಂದ ಬಂದದ್ದು. ಟೊಮೆಟೊ, ದೊಣ್ಣೆಮೆಣಸು, ಆಲೂಗಡ್ಡೆಗಳೂ ಅಷ್ಟೆ. ಅನಾದಿ ಕಾಲದ್ದೆಂದು ಜಗಳವಾಡುವ ರುಚಿ ಎಷ್ಟೋ ಸಲ ನಿನ್ನೆ ಮೊನ್ನೆ ಬಂದ ಸೊಸೆ!

ಮಾಡಬೇಕಂತ ಏನಿಲ್ಲ ಎಂದು ಮಗಳು ಹೇಳಿದ್ದರೂ ಒಂದು ಭಾನುವಾರ ರಟಟುಯಿ ಮಾಡಿದೆ. ಇದು ನೀಸ್ ಪಟ್ಟಣದ ಕಡೆಯ ತರಕಾರಿ ಅಡುಗೆ, ನನ್ನಂಥವಳಿಗೂ ನಡೆಯುತ್ತದೆ. ಬದನೆಕಾಯಿಗೆ ಉಪ್ಪು ಸವರಿ ನೀರು ಬಿಡಿಸಿ, ಈರುಳ್ಳಿ, ದೊಣ್ಣೆಮೆಣಸು, ಟೊಮೆಟೊ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಆಲಿವ್ ಎಣ್ಣೆಯ ಬೆಲೆ ಕೇಳಿ ಬೆಚ್ಚಿ ಕಡಲೆಕಾಯಿ ಎಣ್ಣೆ ಹಾಕಿದ್ದೆ. ನಮ್ಮ ಮನೆಯವರು ಉಂಡು, "ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಮರೆತೆಯಾ?" ಅಂದರು. ಆಗ ಡೇವಿಡ್ ಹೇಳುವುದು ನಿಜ ಅನ್ನಿಸಿತು. ಕಾಯಿ ಎಲ್ಲ ಕಡೆಯದು. ಎಣ್ಣೆ ಆ ಊರಿನದು. ಅದನ್ನು ಬದಲಿಸಿದರೆ ಊರೇ ಬದಲಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಳತೆ, ನಿಮಿಷ ಎಲ್ಲ ಗೆರೆ ಎಳೆದಂತೆ ಬೇಕೆನ್ನುವವರಿಗೆ ಈ ಪುಸ್ತಕ ಒಗ್ಗದು. ಹಲವು ಕಡೆ ಕಥೆ ಹೇಳಿದ ಹಾಗೆ ವಿಧಾನ ಹೇಳುತ್ತಾರೆ. ಕೈ ಪಳಗಿದವರಿಗೆ ಅದೇ ಸುಖ. ಹೊಸದಾಗಿ ಒಲೆ ಮುಂದೆ ನಿಂತವರು ಅಳುತ್ತಾರೆ.

ಇನ್ನು ವೈನಿನ ಮಾತು. ಅಡುಗೆಗೆ ಬಳಸುವ ವೈನಿಗೆಂದೇ ಪುಸ್ತಕದಲ್ಲಿ ಒಂದು ಭಾಗವಿದೆ. ಹಟ ಹಿಡಿದು ಓದಿದೆ, ಮಗಳನ್ನೂ ಕೇಳಿದೆ, ಬೇರೆ ಕಡೆಯೂ ಹುಡುಕಿದೆ. ಯುರೋಪಿನ ವೈನಿಗೆ ಹೆಚ್ಚಾಗಿ ಊರಿನ ಹೆಸರು: ಬೋರ್ಡೋ, ಬರ್ಗಂಡಿ, ಶಾಂಪೇನ್. ಆದರೆ ಆಲ್ಸೇಸ್ ಪ್ರಾಂತದಲ್ಲಿ ರೀಸ್ಲಿಂಗ್ ಮುಂತಾಗಿ ದ್ರಾಕ್ಷಿಯ ಜಾತಿಯನ್ನು ಬಾಟಲಿಯ ಮೇಲೆ ಬರೆಯುವ ರೂಢಿ. ಸ್ಪೇನಿನ ಹೆರೆಸ್ ಊರು ಇಂಗ್ಲಿಷರ ಬಾಯಲ್ಲಿ ಶೆರ್ರಿಯಾಯಿತು. ಪೋರ್ಟ್ ವೈನಿಗಾಗಿ ಪೋರ್ಚುಗಲ್ ತನ್ನ ದೋರು ಕಣಿವೆಗೆ 1756ರಲ್ಲೇ ಗಡಿ ಗುರುತಿಸಿತು. ಯಾವ ಊರಿನ ಹೆಸರನ್ನು ಯಾರು ಹಾಕಬಹುದು ಎಂದು ಕಾಯಲು ಫ್ರಾನ್ಸ್ 1935ರಲ್ಲಿ ಕಾನೂನನ್ನೂ ಸಂಸ್ಥೆಯನ್ನೂ ಮಾಡಿತು. ಬರ್ಗಂಡಿಯವರು ದನದ ಮಾಂಸವನ್ನು ತಮ್ಮ ಕೆಂಪು ವೈನಿನಲ್ಲೇ ಬೇಯಿಸುತ್ತಾರೆ, ಆಲ್ಸೇಸಿನವರು ಹುಳಿ ಬರಿಸಿದ ಎಲೆಕೋಸಿನ ಜೊತೆ ರೀಸ್ಲಿಂಗ್ ಇಡುತ್ತಾರೆ. ದ್ರಾಕ್ಷಿ ಹಣ್ಣಾಗದ ನಾರ್ಮಂಡಿಯಲ್ಲಿ ಸೇಬಿನ ರಸದ ಸೈಡರ್. ಅಂದರೆ ಆ ಲೋಟ ತಟ್ಟೆಯ ಪಕ್ಕದ್ದು, ಊಟದ ಒಂದು ವ್ಯಂಜನ. ಫ್ರೆಂಚರ ಹಬ್ಬದೂಟವನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯಾವುದೋ ಒಂದು ತಿನಿಸನ್ನು ಸೇರಿಸಲಿಲ್ಲ. ಜೊತೆಗೆ ಕೂತು, ಬಡಿಸಿಕೊಂಡು, ತಿನಿಸಿಗೆ ವೈನ್ ಹೊಂದಿಸಿ ಉಣ್ಣುವ ರೀತಿಯನ್ನು ಸೇರಿಸಿತು.

ಇಷ್ಟು ತಿಳಿದ ಮೇಲೂ ನನ್ನ ತಕರಾರು ಹೋಗಲಿಲ್ಲ. ನನ್ನ ಅಕ್ಕನ ಗಂಡ ಕುಡಿದು ಹೊಲ ಮಾರಿದರು, ಅಕ್ಕನ ಬಳೆ ಮಾರಿದರು. 2007ರಲ್ಲಿ ನಮ್ಮಲ್ಲಿ ಸಾರಾಯಿ ನಿಂತಾಗ ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಭಾವ ಬೇರೆ ಬಾಟಲಿಗೆ ದಾಟಿದರು. ಅವರೆಂದೂ ಊಟದ ಜೊತೆ ಕುಡಿದವರಲ್ಲ. ಕುಡಿದು ಬಂದು ಊಟದ ತಟ್ಟೆ ಒದ್ದವರು. 'ಅದು ಬೇರೆ, ಇದು ಬೇರೆ' ಎಂದು ಮಗಳು ಹೇಳಿದಳು. ಪುಸ್ತಕವೂ ಹಾಗೇ ನಂಬಿಸುತ್ತದೆ. ನಿಜಕ್ಕೂ ಅಷ್ಟು ಬೇರೆಯೇ?

ಶಾಲಾಮಾಸ್ತರಳಾದ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಒಂದಿದೆ. ಶಾಲೆಯ ಊಟದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮದ್ಯ ಕೊಡಕೂಡದು ಎಂದು ಫ್ರಾನ್ಸ್ ಆದೇಶ ಮಾಡಿದ್ದು 1956ರಲ್ಲಿ! ದೊಡ್ಡ ಮಕ್ಕಳ ಶಾಲೆಗಳಲ್ಲೂ ನಿಂತದ್ದು 1981ರಲ್ಲಿ. 1954ರಲ್ಲಿ ಪ್ರಧಾನಿ ಮೆಂದೆಸ್ ಫ್ರಾನ್ಸ್ ಶಾಲೆಗಳಲ್ಲಿ ಹಾಲು ಕೊಡಿಸಹೊರಟದ್ದು ಇದೇ ಚಿಂತೆಯಿಂದ. ಡೇವಿಡ್ ಪುಸ್ತಕ ಬಂದ ಕಾಲಕ್ಕೆ ಫ್ರೆಂಚರು ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ವೈನ್ ಕುಡಿಯುತ್ತಿದ್ದರು. ಈಗ ಅದರ ಅರ್ಧಕ್ಕೂ ಕಡಿಮೆ. ಆ ನೂರು ಲೀಟರಿನಲ್ಲಿ ಎಷ್ಟು ಮನೆಗಳ ತಟ್ಟೆ ಉರುಳಿರಬಹುದು? ಅಲ್ಲೂ ಅಕ್ಕಂದಿರು ಇದ್ದೇ ಇದ್ದರು. ಚೆಲುವಾದ ಈ ಪುಸ್ತಕ ಮೇಜಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಅದರಾಚೆ ನಡೆಯುವುದನ್ನು ನೋಡುವುದಿಲ್ಲ. ಅಡುಗೆ ಪುಸ್ತಕಕ್ಕೆ ಅದರ ಗೊಡವೆ ಯಾಕೆ ಅಂದೀರಿ. ಸುಖವನ್ನು ಇಷ್ಟು ಮನಸ್ಸಿಟ್ಟು ಹೇಳಬಲ್ಲವರು ಅದರ ಬೆಲೆಯನ್ನೂ ಒಂದು ಮಾತು ಹೇಳಬಹುದಿತ್ತು ಎಂಬುದು ನನ್ನ ಆಸೆ.

ಇನ್ನೊಂದು ಕೊರಗು ಅಡುಗೆ ಮಾಡುವ ಕೈಗಳದು. ಮನೆಯಡುಗೆಯನ್ನು ಡೇವಿಡ್ ಗೌರವದಿಂದ ಕಾಣುತ್ತಾರೆ, ನಿಜ. ಆದರೂ ಅವರು ಕೂತಿರುವುದು ಉಣ್ಣುವವರ ಕುರ್ಚಿಯಲ್ಲಿ. ಒಲೆಯ ಕಡೆಯ ಕಥೆ ಸಿಕ್ಕಿದ್ದು ಮಗಳ ಊರಿನಿಂದ. ಲಿಯೋನಿನಲ್ಲಿ 'ತಾಯಂದಿರು' ಎಂದೇ ಕರೆಸಿಕೊಂಡ ಹೆಂಗಸರಿದ್ದರು. ಸಿರಿವಂತರ ಮನೆಗಳಲ್ಲಿ ಅಡುಗೆಗಿದ್ದವರು ಹೊರಬಿದ್ದು ತಮ್ಮದೇ ಖಾನಾವಳಿ ತೆರೆದರು. ಅವರಲ್ಲಿ ಯೂಜಿನಿ ಬ್ರಾಜಿಯೆ 1895ರಲ್ಲಿ ಹುಟ್ಟಿದವಳು. ಹತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ಹೊಲಮನೆಗಳಲ್ಲಿ ದುಡಿದಳು, ಮದುವೆಯಿಲ್ಲದೆ ತಾಯಿಯಾದಳು, 1921ರಲ್ಲಿ ಸ್ವಂತ ಹೋಟೆಲು ಇಟ್ಟಳು. 1933ರಲ್ಲಿ ಅವಳ ಎರಡು ಹೋಟೆಲುಗಳಿಗೂ ಮಿಶೆಲಿನ್ ಕೈಪಿಡಿ ಮೂರು ಮೂರು ನಕ್ಷತ್ರ ಕೊಟ್ಟಿತು. ಒಟ್ಟು ಆರು, ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ. ಮುಂದೆ ಲೋಕಪ್ರಸಿದ್ಧನಾದ ಪಾಲ್ ಬೊಕ್ಯೂಸ್ ಅವಳ ಅಡುಗೆಮನೆಯಲ್ಲಿ ಕೆಲಸ ಕಲಿತವನು. ಡೇವಿಡ್ ಓದಿದ ಮೇಲೆ ಇವಳ ಬಾಳನ್ನೂ ತಿಳಿದುಕೊಂಡರೆ ಚಿತ್ರ ಪೂರ್ತಿಯಾಗುತ್ತದೆ.

ಹಾಗಂತ ಪುಸ್ತಕ ಬೇಡವೆನ್ನಲಾರೆ. ಇಂಗ್ಲಿಷ್ ಓದಬಲ್ಲ ಗೆಳತಿಯರು ಓದಿ, ಮಾಡದಿದ್ದರೂ ಓದಿ. ನೆಲಕ್ಕೂ ನಾಲಿಗೆಗೂ ಇರುವ ನಂಟನ್ನು ಇಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ನಾನು ಬೇರೆ ಕಂಡಿಲ್ಲ.

ಮುಗಿಸಿದ ರಾತ್ರಿ ಮಗಳಿಗೆ ಫೋನು ಮಾಡಿದೆ. "ಅವತ್ತಿನ ಫೋಟೋದಲ್ಲಿ ನಿನ್ನ ತಟ್ಟೇಲಿ ಏನಿತ್ತೇ?"

"ಹಾಲು, ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ ಅಮ್ಮಾ. ಇಲ್ಲೇ ಪಕ್ಕದ ದೋಫಿನೆ ಕಡೆಯದು."

"ವೈನು?"

"ಬೋಜೊಲೆ. ಅದೂ ಹತ್ತಿರದ್ದೇ."

"ಎಷ್ಟು ಲೋಟ?"

"ಒಂದು."

ಮಕ್ಕಳ ಸುಳ್ಳು ಹಿಡಿಯುವುದು ನನ್ನ ಕಸುಬು. ಅವಳು ಸುಳ್ಳು ಹೇಳುತ್ತಿರಲಿಲ್ಲ. "ಊಟ ಬಿಟ್ಟು ಕುಡಿಯಬೇಡ ಕಣೇ" ಅಂದೆ. ಇಂಥ ಮಾತು ನನ್ನ ಬಾಯಿಂದ ಬಂತಲ್ಲ ಎಂದು ನನಗೇ ಅಚ್ಚರಿ.

ಪುಸ್ತಕದ ಬೈಂಡು ಈಗ ತೆಗೆದಿದ್ದೇನೆ. ಅಕ್ಕನಿಗೆ ಮಾತ್ರ ಆ ಫೋಟೋ ಇನ್ನೂ ತೋರಿಸಿಲ್ಲ.